ಗದ್ದಿಗೆ ಮನೆಯ ವೈನಿ

ಇವತ್ತು ನಳಕ್ಕೆ ನೀರು ಬೇಗ ಬಂತು. ಹಂಡೆ, ಕೊಡ, ಹಿತ್ತಲಿನ ಡ್ರಮ್ಮು ಎಲ್ಲ ತುಂಬಿಕೊಂಡೆ. ಅಂಗಳ ತೊಳೆದು ರಂಗೋಲಿ ಹಾಕಿದೆ. ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ ಮನೆಯವರ ಡಬ್ಬಿ ಕಟ್ಟಿದೆ. ಉಪ್ಪಿನಕಾಯಿ ಭರಣಿಯನ್ನು ಬಿಸಿಲಿಗೆ ಇಟ್ಟೆ. ಅನಗೋಳದಿಂದ ಬಂದಿದ್ದ ಎರಡು ಸೀರೆಗೆ ಫಾಲ್ ಹಚ್ಚಿ, ಮಡಚಿ, ಮೇಲೆ ಹೆಸರಿನ ಚೀಟಿ ಸಿಕ್ಕಿಸಿದೆ. ಆಮೇಲೆ ಸೀರೆ ಬದಲಿಸಿ ಎದುರು ಮನೆಗೆ ಹೋದೆ. ಇವತ್ತು ಅಲ್ಲಿ ತೀರಿಕೊಂಡ ವೈನಿಯ ಶಿವಗಣಾರಾಧನೆ ಇತ್ತು.

ಫೋಟೋದ ಮುಂದೆ ನಾಲ್ಕಾರು ಜನ ಎದ್ದು ಮಾತನಾಡಿದರು. ಒಬ್ಬರು ‘ತಾಯಿಯಂಥವರು’ ಎಂದರು, ಇನ್ನೊಬ್ಬರು ‘ಸಹನಾಮೂರ್ತಿ’ ಎಂದರು. ನನಗೆ ಒಳಗೇ ನಗು ಬಂತು. ವೈನಿಗೆ ಸಹನೆ ಎಲ್ಲಿತ್ತು? ಬಸ್ಸು ಸ್ವಲ್ಪ ತಡವಾದರೆ ಸ್ಟ್ಯಾಂಡಿನ ಕಂಟ್ರೋಲರ್ ಕಿಟಕಿಗೆ ಹೋಗಿ, “ಏನ್ರಿ ಸಾಹೇಬ್ರ, ಬಸ್ಸು ಹೆರಿಗಿಗಿ ತವರಿಗಿ ಹೋಗೇತೇನು?” ಎಂದು ಕೇಳುವ ಹೆಂಗಸು ಅವರು. ನನಗೂ ಎರಡು ಮಾತು ಆಡಲು ಹೇಳಿದರು. ಎದ್ದವಳು ಫೋಟೋಕ್ಕೆ ಹೂವು ಏರಿಸಿ ಕುಳಿತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಶಿವಬಸವ ನಗರದ ನಮ್ಮ ಓಣಿಯಲ್ಲಿ ದೊಡ್ಡವರು ಸಣ್ಣವರು ಎಲ್ಲರೂ ಅವರನ್ನು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಬರೆಯುತ್ತೇನೆ. ಅವರ ಗಂಡನ ಮನೆ ಖಾನಾಪುರದಿಂದ ಹಲಸಿ ಕಡೆ ಹೋಗುವ ದಾರಿಯ ಒಂದು ಊರಿನ ದೇಸಾಯರ ಮನೆತನ. ಒಂದು ಕಾಲಕ್ಕೆ ಸುತ್ತಿನ ಹಳ್ಳಿಗಳೆಲ್ಲ ಇವರ ಕೈಯಲ್ಲಿದ್ದವಂತೆ. ಗಂಡನ ನೌಕರಿಯ ಸಲುವಾಗಿ ಬೆಳಗಾವಿಗೆ ಬಂದವರು, ಗಂಡ ಹೋದ ಮೇಲೂ ಇಲ್ಲೇ ಉಳಿದರು. ಆದರೆ ನಡಿಗೆಯಲ್ಲಿ ದೇಸಾಯರ ವಾಡೆ ಹಾಗೇ ಇತ್ತು. ಯಾರ ಮನೆಗೆ ಹೋದರೂ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತು, ಒಳಗಿನವರು “ಬರ್ರಿ” ಎನ್ನುವವರೆಗೆ ಕಾಲು ಎತ್ತುತ್ತಿರಲಿಲ್ಲ. ಬರ್ರಿ ಎಂದ ಮೇಲೆ ನೇರ ಅಡಿಗೆಮನೆಗೇ.

ಅವರ ಒಂದು ಗುಣ ನನಗೆ ಬಹಳ ಸೇರುತ್ತಿತ್ತು. ತಪ್ಪು ಮಾಡಿದರೆ ಅದನ್ನು ತಾವೇ ಮೊದಲು ಡಂಗುರ ಸಾರುತ್ತಿದ್ದರು. ಒಮ್ಮೆ ನಮ್ಮನ್ನೆಲ್ಲ ಊಟಕ್ಕೆ ಕರೆದಿದ್ದರು. ತಾಟಿಗೆ ಸಾರು ಬಿದ್ದದ್ದೇ ತಡ, ಯಾರೂ ಬಾಯಿಗೆ ಇಡುವ ಮೊದಲೇ, “ಉಪ್ಪು ಜಾಸ್ತಿ ಆಗೈತಿ. ಯಾರನ್ನೂ ಬೈಬ್ಯಾಡ್ರಿ, ನಾನಽ ಹಾಕೀನಿ. ಅನ್ನ ಜಾಸ್ತಿ ಹಚ್ಚಕೊಂಡು ಉಣ್ರಿ” ಎಂದು ಘೋಷಿಸಿದರು. ವಚನ ಹಾಡುವ ನಮ್ಮ ಅಕ್ಕನ ಬಳಗದಲ್ಲಿ ಒಂದು ಸಾಲು ತಪ್ಪಿ ಹಾಡಿದರೆ ಉಳಿದವರಂತೆ ಗುನುಗಿ ಸರಿಸಿಬಿಡುವುದಿಲ್ಲ. “ತಡೀರಿ, ನಂದು ತಪ್ಪಿತು” ಎಂದು ಇಡೀ ಹಾಡನ್ನು ನಿಲ್ಲಿಸಿ ಮೊದಲಿನಿಂದ ಹಾಡಿಸುತ್ತಿದ್ದರು. ಹಾರ್ಮೋನಿಯಂ ಪೇಟಿ ಬಾರಿಸುವಾಕೆಗೆ ಸಿಟ್ಟು ಬರುತ್ತಿತ್ತು. ವೈನಿಗೆ ಅದರ ಪರಿವೆ ಇಲ್ಲ.

ವರ್ಷಕ್ಕೊಮ್ಮೆ, ಶಿವರಾತ್ರಿಯ ಹಿಂದಿನ ದಿನ, ಅವರು ಊರಿಗೆ ಹೋಗುತ್ತಿದ್ದರು. ಮೊಣಕಾಲು ನೋವು ಶುರುವಾದ ಮೇಲೆ ಜೊತೆಗೆ ನನ್ನನ್ನೂ ಕರೆದುಕೊಂಡು ಹೋಗತೊಡಗಿದರು. ಊರಿನ ಮಠದ ಮಗ್ಗುಲಲ್ಲಿ ಕಲ್ಲಿನ ಒಂದು ಉದ್ದ ಪಡಸಾಲೆ ಇದೆ. ಅದಕ್ಕೆ ಗದ್ದಿಗೆ ಮನೆ ಎನ್ನುತ್ತಾರೆ. ಒಳಗೆ ಈ ಮನೆತನದ ಏಳು ಹಿರಿಯರ ಗದ್ದಿಗೆಗಳು, ಅಂದರೆ ಸಮಾಧಿಗಳು, ಒಂದೇ ಸಾಲಿನಲ್ಲಿವೆ. ಕರಿಕಲ್ಲಿನ ಮೂರು ಮೆಟ್ಟಿಲ ಕಟ್ಟೆ, ಮೇಲೆ ಲಿಂಗ, ಮುಂದೆ ಅಂಗೈಯಷ್ಟು ಬಸವಣ್ಣ. ಏಳೂ ಒಂದೇ ಅಳತೆ, ಒಂದೇ ಕೆತ್ತನೆ. ಯಾವುದರ ಮೇಲೂ ಒಂದಕ್ಷರ ಇರಲಿಲ್ಲ.

“ಹೆಸರ್ಯಾಕ ಬರಸಿಲ್ರಿ ವೈನಿ?” ಎಂದು ಮೊದಲ ಸಲ ಕೇಳಿದ್ದೆ.

“ಗುರುತು ಇಲ್ಲದಾವ್ರಿಗೆ ಬೋರ್ಡ್ ಬೇಕು ತಂಗಿ. ದೇಸಾಯರಿಗ್ಯಾಕ?” ಎಂದಿದ್ದರು, ತಲೆ ಎತ್ತಿ.

ಹೆಸರು ಇರುತ್ತಿದ್ದದ್ದು ಸೊಸೆಯರ ಬಾಯಲ್ಲಿ. ಗದ್ದಿಗೆ ತೊಳೆಯುವುದು ಆ ಮನೆಯಲ್ಲಿ ಸೊಸೆಯ ಕೆಲಸ. ಯಾವ ಗದ್ದಿಗೆ ಯಾರದು ಎಂಬುದನ್ನು ಅತ್ತೆ ಸೊಸೆಗೆ ಹೇಳಿಕೊಡುತ್ತಿದ್ದಳು. ಗಂಡಸರು ಬರುತ್ತಿದ್ದರು, ಏಳಕ್ಕೂ ಸೇರಿಸಿ ಒಂದು ಸಲ ಅಡ್ಡಬೀಳುತ್ತಿದ್ದರು, ಹೋಗುತ್ತಿದ್ದರು. ವೈನಿ ಮದುವೆಯಾಗಿ ಬರುವಷ್ಟರಲ್ಲಿ ಅವರ ಅತ್ತೆ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಹಾಗಾಗಿ ಆ ಪಾಠ ಗದ್ದಿಗೆ ಮನೆಯಲ್ಲಿ ಆಗಲಿಲ್ಲ, ಹಾಸಿಗೆಯ ಮೇಲೆ ಆಯಿತು. ಅತ್ತೆ ಕೌದಿಯ ಮೇಲೆ ಏಳು ಹುಣಸೆಬೀಜ ಸಾಲಾಗಿ ಇಟ್ಟು, “ಬಾಗಲದಿಂದ ಎಣಸವ್ವಾ” ಎಂದು ಒಂದೊಂದೇ ಬೀಜ ಮುಟ್ಟಿ ಹೇಳಿಕೊಟ್ಟರಂತೆ. ಮೊದಲನೆಯವರು ಊರಿಗೆ ಕೆರೆ ಕಟ್ಟಿಸಿದವರು. ಎರಡನೆಯವರಿಗೆ ಕುದುರೆಯ ಹುಚ್ಚು. ಮೂರನೆಯವರು ಸಿಟ್ಟಿನವರು. ನಾಲ್ಕನೆಯವರು, ಅಂದರೆ ನಡುವಿನವರು, ಉಪ್ಪು ಬಿಟ್ಟು ವ್ರತ ಹಿಡಿದವರು. ಹೀಗೆ ಹೋಗಿ ಏಳನೆಯವರು ಭಾರೀ ಜಿಪುಣರು. ರೊಟ್ಟಿಯಿಂದ ಉದುರಿದ ಎಳ್ಳನ್ನೂ ಬೆರಳಿಗೆ ಅಂಟಿಸಿಕೊಂಡು ತಿನ್ನುತ್ತಿದ್ದರಂತೆ. ಸೊಸೆ ತಪ್ಪಿಲ್ಲದೆ ಹೇಳುವವರೆಗೆ ಅತ್ತೆ ಬೀಜ ಎತ್ತಲು ಬಿಡಲಿಲ್ಲ.

ತೊಳೆಯುವಾಗ ವೈನಿ ಬಾಯಿ ಮುಚ್ಚುತ್ತಿರಲಿಲ್ಲ. “ಏಳ್ರಿ ಮಾವನವರ, ಬಿಸಿಲು ಏರೇತಿ, ಮುಖಾ ತೊಳಿಯೂಣು” ಎಂದು ಬಾಗಿಲ ಬಳಿಯ ಮೊದಲ ಗದ್ದಿಗೆಗೆ ಕೊಡಗಟ್ಟಲೆ ನೀರು ಸುರಿಯುತ್ತಿದ್ದರು. “ಕೆರಿ ಕಟ್ಟಿಸಿದಾವ್ರಿಗೆ ನೀರು ಕಡಿಮಿ ಆಗಬಾರದು.” ಸಿಟ್ಟಿನವರ ಮುಂದೆ ದನಿ ತಗ್ಗಿಸಿ ಸರಸರ ಉಜ್ಜುತ್ತಿದ್ದರು. ತುದಿಗೆ ಬಂದರೆ ಬರೀ ಒಂದು ಚೆಂಬು. “ನಿಮಗ ಇಷ್ಟ ಸಾಕ್ರಿ. ಜಾಸ್ತಿ ಹಾಕಿದ್ರ ನಿಮ್ಮ ಜೀವಾ ಚುರ್ ಅಂತೈತಿ.” ಆಮೇಲೆ ವಿಭೂತಿ, ಬಿಲ್ವಪತ್ರಿ. ನನಗೆ ಅದು ಗೋರಿಯ ಜಾಗ ಅನ್ನಿಸಲೇ ಇಲ್ಲ. ಏಳು ಜನ ಮುದುಕರ ಸ್ನಾನದ ಮನೆ ಅನ್ನಿಸುತ್ತಿತ್ತು.

ಅತ್ತೆಯ ಮಾತು ಬಂದಾಗ ಮಾತ್ರ ವೈನಿ ಮೆತ್ತಗಾಗುತ್ತಿದ್ದರು. ಆ ಮನೆಯ ಹೆಂಗಸರಿಗೆ ಗದ್ದಿಗೆ ಕಟ್ಟುವ ರೂಢಿ ಇರಲಿಲ್ಲ. ಅವರನ್ನು ಹೊಲದಲ್ಲಿ ಮಣ್ಣು ಮಾಡಿ, ಮೇಲೊಂದು ಗುಂಡುಕಲ್ಲು ಇಡುತ್ತಿದ್ದರು. ಅತ್ತೆಯನ್ನು ಮಣ್ಣು ಮಾಡಿದ ಹೊಲದಂಚು ರಸ್ತೆ ಅಗಲ ಮಾಡುವಾಗ ಹೋಯಿತು. ಗುಂಡುಕಲ್ಲೂ ಹೋಯಿತು. “ನಮ್ಮತ್ತಿ ಮ್ಯಾಲೆ ಈಗ ಲಾರಿ ಓಡತಾವ ತಂಗಿ” ಎಂದು ಬಸ್ಸಿನಲ್ಲಿ ಆ ಜಾಗ ಬಂದಾಗಲೆಲ್ಲ ವೈನಿ ಕಾಲು ಮೇಲಕ್ಕೆ ಎತ್ತಿ ಸೀಟಿನ ಮೇಲೆ ಮಡಚಿ ಕೂರುತ್ತಿದ್ದರು. ಪಕ್ಕದವರು ಏನೆಂದುಕೊಂಡರೂ ಸರಿ.

ಒಂದು ಸಲ ನಾವಿಬ್ಬರೂ ಕ್ಯಾಂಪಿನ ಹಳೆಯ ಚರ್ಚಿಗೆ ಹೋಗಿದ್ದೆವು. ನಾನು ರವಿಕೆ ಹೊಲಿದುಕೊಡುವ ಟೀಚರೊಬ್ಬರ ಮಗಳ ಮದುವೆ. ಎಂದಿನಂತೆ ವೈನಿಯ ಅವಸರಕ್ಕೆ ಬಹಳ ಮುಂಚೆ ಮುಟ್ಟಿಬಿಟ್ಟೆವು. ಗೋಡೆಯ ತುಂಬ ಬಿಳಿ ಅಮೃತಶಿಲೆಯ ಫಲಕಗಳು. ಒಂದರಲ್ಲಿ ಕತ್ತಿ, ಟೊಪ್ಪಿಗೆ. ಒಂದರಲ್ಲಿ ಕಲಶದ ಮೇಲೆ ತಲೆಯಿಟ್ಟು ಅಳುತ್ತಿರುವ ಹೆಂಗಸು. ಚರ್ಚನ್ನು ನೋಡಿಕೊಳ್ಳುವ ಹಿರಿಯರೊಬ್ಬರು ಕನ್ನಡದಲ್ಲೇ ವಿವರಿಸಿದರು. ಒಂದು ಬದಿಯ ಗೋಡೆಯೆಲ್ಲ ಒಂದೇ ಮನೆತನದ್ದು. ತಂದೆ ಇಲ್ಲಿ ಪಲ್ಟನಿನ ದೊಡ್ಡ ಅಧಿಕಾರಿ, ಪಕ್ಕದಲ್ಲಿ ಅವನ ಹೆಂಡತಿ, ಕೆಳಗೆ ಜ್ವರದಲ್ಲಿ ತೀರಿಕೊಂಡ ಅವರ ಕೂಸು. ಇಂಗ್ಲೆಂಡಿನಲ್ಲಿ ಆ ಮನೆತನದ ಊರಿದೆಯಂತೆ. ಅಲ್ಲಿಯ ಚರ್ಚಿನೊಳಗೆ ಇವರ ಹಿರಿಯರ ಗೋರಿಗಳಿವೆಯಂತೆ. ಯಾರೋ ಕಳಿಸಿಕೊಟ್ಟ ಅದರ ಫೋಟೋವನ್ನು ಕಟ್ಟು ಹಾಕಿಸಿ ಇಟ್ಟಿದ್ದರು, ಅದನ್ನೂ ತೋರಿಸಿದರು. ಗೋರಿಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಗಂಡ ಹೆಂಡತಿ ಮಗ್ಗುಲು ಮಗ್ಗುಲಾಗಿ ಅಂಗಾತ ಮಲಗಿದ್ದಾರೆ, ಎದೆಯ ಮೇಲೆ ಕೈ ಮುಗಿದಿದ್ದಾರೆ. ಹೆಂಡತಿಯ ಕಾಲ ಬಳಿ ಒಂದು ಸಣ್ಣ ನಾಯಿ ಮುದುಡಿಕೊಂಡಿದೆ.

ವೈನಿ ಆ ಫೋಟೋವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು.

“ಇದೇನ್ರಿ, ನಾಯೇನು?”

“ಹೌದ್ರಿ ಅಕ್ಕಾರ. ಆ ದೊರೆಸಾನಿ ಸಾಕಿದ್ದು.”

“ನೋಡಿದ್ಯಾ ತಂಗಿ? ಹೇಂತಿ ಗಂಡನ ಬಾಜೂಕ ಅದಾಳ. ಕೂಸಿಗೂ ಹೆಸರೈತಿ. ನಾಯಿಗೂ ಜಾಗಾ ಐತಿ.” ಫೋಟೋ ವಾಪಸು ಕೊಟ್ಟರು. “ನಮ್ಮತ್ತಿಗೆ ಆ ನಾಯಿಗಿ ಸಿಕ್ಕಷ್ಟೂ ಜಾಗಾ ಇಲ್ಲ.”

ಮದುವೆ ಊಟದಲ್ಲಿ ಅವರು ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ. ಅದು ಬಹಳ ಅಪರೂಪ.

ಅದಾದ ಮೇಲಿನ ಚಳಿಗಾಲದಲ್ಲಿ ಅವರ ಮೈದುನ ಬಂದರು. ಊರಲ್ಲಿ ಇರುವವರು ಅವರೇ, ತಾಲೂಕಿನಲ್ಲಿ ಹೆಸರು ಇರುವವರು. ವೈನಿ ಅವರನ್ನು ಸಣ್ಣಧಣಿ ಎನ್ನುತ್ತಿದ್ದರು, ಅರ್ಧ ಗೌರವ, ಅರ್ಧ ಚೇಷ್ಟೆ. ನಾನು ಆಗ ಅಲ್ಲೇ ಮೆಂತೆ ಸೋಸುತ್ತ ಕುಳಿತಿದ್ದೆ.

“ವೈನಿ, ಗದ್ದಿಗಿ ಮನಿ ಜೀರ್ಣೋದ್ಧಾರ ಮಾಡಸಾಕತ್ತೀನಿ. ಸುಣ್ಣಾ ಕೆರೆಸಿ ಕಲ್ಲು ತೊಳಿಸಿ, ಒಂದೊಂದಕ್ಕೂ ಗ್ರಾನೈಟ್ ಫಲಕ. ಬಂದಾವ್ರು ಯಾರು, ಎತ್ತ ಅಂತ ಓದಬೇಕು. ನೀವು ಹೆಸರು ಸಾಲಾಗಿ ಹೇಳಿಬಿಡ್ರಿ.”

“ದೇಸಾಯರಿಗೂ ಬೋರ್ಡ್ ಬೇಕಾತೇನು?”

“ಕಾಲಾ ಬದಲಾಗೇತಿ ವೈನಿ. ನಿಮ್ಮ ನಂತರ ಯಾರಿಗೆ ಗೊತ್ತಿರ್ತೈತಿ?”

ವೈನಿ ಅವರ ಕೈಗೆ ಚಹಾದ ಬಟ್ಟಲು ಕೊಟ್ಟರು. “ಖರೇ ಐತಿ. ಹೇಳತೀನಿ. ಆದ್ರ ಏಳಲ್ಲ, ಎಂಟು ಫಲಕ ಮಾಡಸ್ರಿ.”

“ಎಂಟನೇದ್ದು ಯಾರದು?”

“ನಿಮ್ಮ ಅವ್ವಂದು.”

ಸಣ್ಣಧಣಿ ಚಹಾದ ಬಟ್ಟಲನ್ನು ಕೆಳಗಿಟ್ಟರು. ಹಿರಿಯರು ಕೂತ ಜಾಗದಲ್ಲಿ ಹೆಣ್ಣುಮಕ್ಕಳದು ಹೇಗೆ, ಭಾವಕಿ ಮಂದಿ ಏನಂದಾರು, ಎಂದೆಲ್ಲ ಹೇಳಿದರು. ಭಾವಕಿ ಎಂದರೆ ದಾಯಾದಿಗಳು. ವೈನಿ ಒಂದಕ್ಕೂ ವಾದಕ್ಕೆ ಇಳಿಯಲಿಲ್ಲ. “ಹೆಸರು ನನ್ನ ಕಡೆ ಅದಾವು. ನೀವು ಸಾವಕಾಶ ವಿಚಾರ ಮಾಡ್ರಿ” ಎಂದು ನನ್ನ ಮುಂದಿನ ಮೆಂತೆ ಸೂಡನ್ನು ತಮ್ಮ ಕಡೆ ಎಳೆದುಕೊಂಡರು. ವಾರದೊಳಗೆ ಫೋನು ಬಂತು. ಎಂಟಕ್ಕೆ ಒಪ್ಪಿದ್ದರು.

ಫಲಕ ಹಚ್ಚುವ ದಿನ ನಾವು ಮೊದಲ ಬಸ್ಸಿಗೇ ಹೋದೆವು. ಗೌಂಡಿ ಸಿಮೆಂಟು ಕಲಸಿ ಇಟ್ಟಿದ್ದ. ಎಂಟು ಕರಿ ಫಲಕಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು. ಭಾವಕಿಯ ಹಿರಿಯರು ನಾಲ್ಕೈದು ಜನ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಒಳಗಿನ ಗೋಡೆಗಳ ಸುಣ್ಣವನ್ನೆಲ್ಲ ಹಿಂದಿನ ದಿನವೇ ಕೆರೆದಿದ್ದರು. ವೈನಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಫಲಕ ಹಚ್ಚುವ ಮುಂಚೆ ಒಮ್ಮೆ ಎಲ್ಲರಿಗೂ ನೀರು ಹಾಕುತ್ತೇನೆಂದು ಕೊಡ ಹಿಡಿದು ಹೊರಟರು. ಕೆರೆಯವರಿಗೆ ಕೊಡ ಕೊಡ ಸುರಿದರು. ತುದಿಯ ಜಿಪುಣರ ಹತ್ತಿರ ಹೋಗಿ ಚೆಂಬು ಎತ್ತಿದವರು ಹಾಗೇ ನಿಂತರು.

ಆ ತುದಿಯ ಗೋಡೆಯಲ್ಲಿ, ಸುಣ್ಣ ಹೋದ ಜಾಗದಲ್ಲಿ, ಒಂದು ಕಲ್ಲಿನ ಚೌಕಟ್ಟು ಎದ್ದು ಕಾಣುತ್ತಿತ್ತು. ನಡುವೆ ಇಟ್ಟಿಗೆ ತುಂಬಿ ಮುಚ್ಚಿದ್ದರು. ಕೆಳಗೆ ಹೊಸ್ತಿಲು, ನಡುವೆ ಸವೆದು ತಗ್ಗಾಗಿತ್ತು. ಪಕ್ಕದಲ್ಲಿ ದೀಪದ ಗೂಡು, ಒಳಗೆ ಇನ್ನೂ ಕಾಡಿಗೆ.

ವೈನಿ ಚೆಂಬು ಕೆಳಗಿಟ್ಟು ಆ ಹೊಸ್ತಿಲಿನ ತಗ್ಗಿನ ಮೇಲೆ ಅಂಗೈ ಇಟ್ಟರು.

“ಸಣ್ಣಧಣಿ, ಇದು ಬಾಗಲಾ ಹೌದಲ್ರಿ?”

“ಹೌದ್ರಿ. ನಾ ಸಣ್ಣಾಂವ ಇದ್ದಾಗ ಅಪ್ಪಾ ಮುಚ್ಚಿಸಿದ್ದ. ಆ ಕಡೆ ರಸ್ತಾ ಆತಂತ ಅಲ್ಲಿ ಬಾಗಲಾ ಒಡಸಿದ್ರು.”

“ಅವ್ವ ಬಿದ್ದ ಮ್ಯಾಲೋ, ಮೊದಲೋ?”

“ಬಿದ್ದ ಮ್ಯಾಲೆ.”

ಗಂಡಸರು ಗದ್ದಿಗೆ ಮನೆಯ ಬಾಗಿಲು ಬದಲಿಸಿದ್ದನ್ನು ಒಳಗೆ ಹಾಸಿಗೆ ಹಿಡಿದವರಿಗೆ ಯಾರು ಹೇಳಬೇಕು? ಅತ್ತೆ ಹುಣಸೆಬೀಜ ಇಟ್ಟು ಎಣಿಸಿಕೊಟ್ಟದ್ದು ಈ ಮುಚ್ಚಿದ ಬಾಗಿಲಿನಿಂದ. ಸೊಸೆ ಬಂದು ಎಣಿಸಿದ್ದು ಇನ್ನೊಂದು ತುದಿಯ ಆ ಹೊಸ ಬಾಗಿಲಿನಿಂದ. ನನಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಬೇರೆ ಯಾರಿಗೂ ಇದು ಹೊಳೆದಿರಲಿಲ್ಲ. ವೈನಿ ಸುಮ್ಮನಿದ್ದರೆ ಫಲಕಗಳು ಹಾಗೇ ಹತ್ತುತ್ತಿದ್ದವು, ಎಂಟನೆಯದೂ ಹತ್ತುತ್ತಿತ್ತು. ಹೇಳಿದರೆ, ಅದೇ ನೆಪವಾಗಿ ಎಂಟನೆಯದು ಹೊರಗೆ ಬೀಳುತ್ತಿತ್ತು. ನಾನು ಅವರ ಸೆರಗು ಜಗ್ಗಿ, “ವೈನಿ, ಮೊದಲ ಅತ್ತೀದು ಹಚ್ಚಲಿ” ಎಂದು ಮೆಲ್ಲಗೆ ಹೇಳಿದೆ.

ಅವರು ನನ್ನ ಕೈ ಬಿಡಿಸಿಕೊಂಡು ಎದ್ದು ನಿಂತರು. ಉಪ್ಪು ಜಾಸ್ತಿ ಆಗಿದೆ ಎನ್ನುವಾಗಿನ ಅದೇ ದನಿ.

“ಎಲ್ಲಾರೂ ಕೇಳ್ರಿ. ನಾ ಇಷ್ಟ ವರ್ಷ ತಪ್ಪು ಎಣಿಸೀನಿ. ಕೆರಿ ಕಟ್ಟಿಸಿದಾವ್ರು ಇಲ್ಲಿ ಅದಾರ. ಅವರಿಗೆ ಒಂದ ಚೆಂಬು ಹಾಕಿ ಬಾಯಿ ಮುಚ್ಚಿಸೀನಿ. ಆ ಎಳ್ಳಿನ ಮುದುಕಗ ಕೊಡಗಟ್ಟಲೆ ಸುರದೀನಿ. ನಡುವಿನಾವ್ರೊಬ್ರಿಗೆ ಅಷ್ಟ ಅವರ ನೀರು ಅವರಿಗೆ ಮುಟ್ಟೇತಿ. ಫಲಕದ ಸಾಲು ಉಲ್ಟಾ ಮಾಡಿ ಹಚ್ರಿ.”

ಒಬ್ಬ ಹಿರಿಯರು ನಕ್ಕುಬಿಟ್ಟರು. ಇನ್ನೊಬ್ಬರು, “ಏನ ಹುಡುಗಾಟಕಿ ಇದು?” ಎಂದರು. ಸಣ್ಣಧಣಿಯ ಮುಖ ಕೆಂಪಾಯಿತು.

“ಅಂದ್ರ ನಮ್ಮವ್ವ ಹೇಳಿಕೊಟ್ಟದ್ದು ಎಲ್ಲಾ ಸುಳ್ಳ ಆತಲ್ರಿ. ಅದರ ಮ್ಯಾಲೆ ಅಕಿದೊಂದು ಫಲಕಾ ಬ್ಯಾರೆ.”

“ನಿಮ್ಮವ್ವ ಖರೇ ಹೇಳ್ಯಾರ. ಎಣಿಸಿದಾಕಿ ನಾ. ತಪ್ಪು ನಂದು.”

“ತಪ್ಪು ಯಾರದರ ಇರ್ಲಿ ವೈನಿ. ಏಳು ಹಚ್ಚೂಣು. ಎಂಟನೇದ್ದು ಈಗ ಬ್ಯಾಡ. ಮುಂದ ನೋಡೂಣು.”

ಭಾವಕಿಯವರು ತಲೆಯಾಡಿಸಿದರು. ಹೆಸರುಗಳೆಲ್ಲ ಈಗ ಕಲ್ಲಿನ ಮೇಲಿದ್ದವು, ಸಾಲು ಯಾವ ಕಡೆಯಿಂದ ಎಂಬುದನ್ನೂ ವೈನಿಯೇ ಹೇಳಿಬಿಟ್ಟಿದ್ದರು. ಅವರ ಕೈಯಲ್ಲಿ ಹಿಡಿದಿಡಲು ಏನೂ ಉಳಿದಿರಲಿಲ್ಲ. ನಾನು ಅವರ ಮುಖ ನೋಡಲಾರದೆ ಸಿಮೆಂಟಿನ ಬುಟ್ಟಿ ನೋಡುತ್ತ ನಿಂತೆ.

ವೈನಿ ಗೋಡೆಯ ಹತ್ತಿರ ಹೋಗಿ ಎಂಟನೆಯ ಫಲಕವನ್ನು ಎತ್ತಿದರು. ಭಾರವಿತ್ತು, ಎದೆಗೆ ಆನಿಸಿ ಹಿಡಿದರು. ನಡೆದು ಬಂದು ಅದನ್ನು ಮೈದುನನ ಎರಡೂ ಕೈಗೆ ಇಟ್ಟರು.

“ಆತು. ಆದ್ರ ಹೊರಗ ಒಯ್ದು ಇಡೂದು ನನ್ನಿಂದ ಆಗೂದಿಲ್ಲ. ನೀವ ಹೆತ್ತ ಮಗಾ, ನೀವ ಇಡ್ರಿ. ಎಲ್ಲೆ ಇಡತೀರಿ ನೋಡ್ರಿ. ರಸ್ತಾದ ಮ್ಯಾಲೆ ಒಂದ ಬಿಟ್ಟು.”

ಸಣ್ಣಧಣಿ ಫಲಕ ಹಿಡಿದು ಬಾಗಿಲ ಕಡೆಗೆ ನಾಲ್ಕು ಹೆಜ್ಜೆ ಹೋದರು. ಅಲ್ಲಿ ಬೆಳಕಿತ್ತು. ತಗ್ಗಿ ನೋಡಿದರು. ಫಲಕಗಳನ್ನು ಅಂಗಡಿಯವರು ನೇರ ತಂದು ಇಳಿಸಿ ಹೋಗಿದ್ದರು. ಅವರು ಅದನ್ನು ಆಗಲೇ ಮೊದಲ ಸಲ ಓದಿದರು ಎಂದು ಕಾಣುತ್ತದೆ. ಜೀವಮಾನವಿಡೀ ಅವ್ವಾ ಎಂದು ಕರೆದವರ ಹೆಸರು ಪೂರ್ತಿ ಅಕ್ಷರಗಳಲ್ಲಿ ಕಲ್ಲಿನ ಮೇಲೆ ಇತ್ತು. ಅವರ ತುಟಿ ಆಡಿತು. ಹೊರಗೆ ಅಂಗಳದಲ್ಲಿ ಮರಳಿನ ಗುಡ್ಡೆ ಇತ್ತು, ಒಡೆದ ಇಟ್ಟಿಗೆ ಇದ್ದವು, ನಮ್ಮ ಚಪ್ಪಲಿಗಳಿದ್ದವು. ಎಲ್ಲಿ ಇಡುವುದು? ಹಾಗೇ ನಿಂತರು. ಗೌಂಡಿ, “ಕೊಡ್ರಿ ಧಣಿ, ಭಾಳ ವಜ್ಜಿ ಐತಿ” ಎಂದು ಕೈ ಚಾಚಿದ. ಕೊಡಲಿಲ್ಲ.

ತಿರುಗಿ ಒಳಗೆ ಬಂದರು. “ಬಾಗಲಾ ಮುಚ್ಚಿದ್ದು ನನಗ ಗೊತ್ತಿತ್ತು ವೈನಿ” ಎಂದರು. “ಎಣಸಬೇಕು ಅನ್ನೂದು ಗೊತ್ತಿರಲಿಲ್ಲ.” ಆಮೇಲೆ, “ಎಲ್ಲೆ ಹಚ್ಚೂದು, ಹೇಳ್ರಿ” ಎಂದರು.

ಭಾವಕಿಯವರು ಏನೋ ಹೇಳಲು ಹೋದರು. ಸಣ್ಣಧಣಿ ಆ ಕಡೆ ನೋಡಲೇ ಇಲ್ಲ.

ವೈನಿ ಮುಚ್ಚಿದ ಬಾಗಿಲಿನ ನಡುವೆ ಇಟ್ಟಿಗೆಯ ಮೇಲೆ ಕೈಯಿಟ್ಟು ತೋರಿಸಿದರು. “ಇಲ್ಲೆ. ಇನ್ನ ಮುಂದ ಯಾರು ಎಣಿಸಿದ್ರೂ ನಿಮ್ಮವ್ವನಿಂದ ಎಣಿಸಲಿ.”

ಅದನ್ನೇ ಮೊದಲು ಹಚ್ಚಿದರು. ಸಿಮೆಂಟು ಹಿಡಿಯುವವರೆಗೆ ಸಣ್ಣಧಣಿ ಫಲಕವನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು ನಿಂತಿದ್ದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದಬೇಕೆನ್ನುವವರು ಅಲ್ಲಿಗೇ ಹೋಗಿ ನಿಂತು ಓದಬೇಕು ಎಂಬುದು ವೈನಿಯ ಅಪ್ಪಣೆ. ಫಲಕಗಳೆಲ್ಲ ಒಣಗಿದ ಮೇಲೆ ವೈನಿ ಕೆರೆಯವರ ಮುಂದೆ ನಿಂತು, “ತಪ್ಪಾತ್ರಿ ಮಾವನವರ, ಇದು ಹಿಂದಿನ ಬಾಕಿ” ಎಂದು ಕೊಡದ ಮೇಲೆ ಕೊಡ ಸುರಿದರು. ನೀರು ಹೊತ್ತು ನನ್ನ ಸೊಂಟ ಬಿದ್ದುಹೋಯಿತು.

ಆ ದಿನ ಬಸ್ಸು ತಪ್ಪಿ ಊರಲ್ಲೇ ಉಳಿದೆವು. ಬಿಸಿ ರೊಟ್ಟಿ, ಝುಣಕ, ಹಸಿಮೆಣಸಿನಕಾಯಿ ಚಟ್ನಿ, ಗಟ್ಟಿ ಮೊಸರು. ಸಣ್ಣಧಣಿ ನಮ್ಮ ಜೊತೆಗೇ ಅಡಿಗೆಮನೆಯಲ್ಲಿ ನೆಲದ ಮೇಲೆ ಕುಳಿತು ಉಂಡರು, ಸಿಮೆಂಟು ಅಂಟಿದ ಕೈ ಎಷ್ಟು ತೊಳೆದರೂ ಪೂರ್ತಿ ಹೋಗಿರಲಿಲ್ಲ. ವೈನಿ ಎರಡು ರೊಟ್ಟಿ ಉಂಡು, ಮೂರನೆಯದನ್ನು ಮೊಸರಲ್ಲಿ ಅರ್ಧ ಮುಗಿಸಿ, ಗೋಡೆಗೆ ಒರಗಿ ಅಲ್ಲೇ ನಿದ್ದೆ ಹೋದರು. ತಾಟು ತೆಗೆದು ನಾನು ಕೌದಿ ಹೊದಿಸಿದೆ. ಎಲ್ಲರಿಗಿಂತ ಮೊದಲು ಮಲಗಿದವರು ಅವರೇ.